ಕ್ರಿಮಿವಿಚಾರ: ಶಾಸ್ತ್ರದ ಹೆಸರೂ ಗದ್ದೆಯ ಹುಳುವೂ

೧

ಕನ್ನಡದಲ್ಲಿ ‘ಹುಳು’ ಎಂಬ ಮಾತಿನ ವ್ಯಾಪ್ತಿಯು ಬಹು ದೊಡ್ಡದು. ಮಣ್ಣಿನೊಳಗೆ ಹರಿದಾಡುವ ಎರೆಹುಳು, ಚಿಪ್ಪನ್ನು ಹೊತ್ತು ನಡೆಯುವ ಬಸವನಹುಳು, ಮುಂದೆ ಚಿಟ್ಟೆಯಾಗತಕ್ಕ ಕಂಬಳಿಹುಳು, ಇರುಳಿನಲ್ಲಿ ಹೊಳೆಯುವ ಮಿಂಚುಹುಳು, ಮಕ್ಕಳ ಹೊಟ್ಟೆಯಲ್ಲಿ ಸೇರುವ ಜಂತುಹುಳು, ಗೂಡು ಕಟ್ಟಿ ನೂಲನ್ನು ಕೊಡುವ ರೇಷ್ಮೆಹುಳು, ಇವೆಲ್ಲವೂ ಒಂದೇ ಹೆಸರಿನ ಕೆಳಗೆ ಬಂದು ನಿಲ್ಲುತ್ತವೆ. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಎರೆಹುಳುವಿಗೂ ಮಿಂಚುಹುಳುವಿಗೂ ಇರುವ ದೂರವು ಮೀನಿಗೂ ಮನುಷ್ಯನಿಗೂ ಇರುವ ದೂರಕ್ಕಿಂತ ಹೆಚ್ಚಿನದು. ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಪರಿಹರಿಸಬೇಕೆಂದು ತಾರ್ಕಿಕರು ವಿಧಿಸಿರುವರಷ್ಟೆ. ಆ ನಿಯಮವನ್ನು ಹಿಡಿದು ಪರೀಕ್ಷಿಸಿದರೆ ಹುಳುವೆಂಬ ಶಬ್ದದಲ್ಲಿ ಅತಿವ್ಯಾಪ್ತಿಯು ಎದ್ದುಕಾಣುತ್ತದೆ.

ಇದು ಲೋಕರೂಢಿಯ ಮಾತು, ಇದರಿಂದ ಹಾನಿಯೇನು, ಎಂದು ಕೇಳಬಹುದು. ಮಾತು ರೂಢಿಯಲ್ಲಿ ಮಾತ್ರ ನಿಂತಿರುವವರೆಗೆ ಹಾನಿಯಿಲ್ಲವೆಂಬುದು ದಿಟ. ಶಾಸ್ತ್ರವನ್ನು ಬೋಧಿಸುವ ಗ್ರಂಥದಲ್ಲಿಯೂ, ರೈತನಿಗೆ ಬೆಳೆಯ ರೋಗವನ್ನು ತಿಳಿಸುವ ಪತ್ರದಲ್ಲಿಯೂ ಅದೇ ಅತಿವ್ಯಾಪ್ತಿಯು ಉಳಿದರೆ ಹಾನಿಯುಂಟು. ಅಲ್ಪವೂ ಅಪ್ರಸಿದ್ಧವೂ ಆದ ಈ ಜೀವಿಗಳ ವಿಷಯದಲ್ಲಿ ಪ್ರಾಚೀನರು ಬರೆದುದೇನು, ಆಧುನಿಕರು ಸಂಶೋಧಿಸಿದುದೇನು, ಕನ್ನಡವು ಅವೆರಡರಿಂದಲೂ ಪಡೆದುದೇನು ಎಂಬುದನ್ನು ಸಾರಾಸಾರವಾಗಿ ವಿವೇಚಿಸುವುದೇ ಪ್ರಸ್ತುತ ವಿಮರ್ಶೆಯ ಉದ್ದೇಶವಾಗಿದೆ.

ಇಂತಹ ವಿವೇಚನೆಯು ಗ್ರಂಥದಿಂದ ಗ್ರಂಥಕ್ಕೆ ಮಾತ್ರ ನಡೆದರೆ ಸಾಲದು. ಒರೆಗಲ್ಲಾಗಿ ಒಂದು ನೆಲವೂ ಬೇಕು. ಶ್ರೀರಂಗಪಟ್ಟಣಕ್ಕೆ ಅನತಿದೂರದಲ್ಲಿರುವ ಕಿರಂಗೂರು ಈ ಕಾರ್ಯಕ್ಕೆ ತಕ್ಕುದಾಗಿದೆ. ಶ್ರೀರಂಗಪಟ್ಟಣದ ದಸರೆಯ ಮೆರವಣಿಗೆಯು ಹೊರಡುವ ಬನ್ನಿಮಂಟಪದಿಂದ ಈ ಊರಿನ ಹೆಸರು ನಾಡಿಗೆ ಪರಿಚಿತವಾಗಿದೆ. ಆದರೆ ಊರಿನ ಬಾಳು ನಿಂತಿರುವುದು ಕಾವೇರಿಯ ನೀರಿನ ಮೇಲೆ. ಸುತ್ತಲೂ ಬತ್ತ ಮತ್ತು ಕಬ್ಬಿನ ಸೀಮೆ. ನೀರು ನಿಂತ ಗದ್ದೆಯಲ್ಲಿ ಜಿಗಣೆ, ಬದುವಿನ ಬಿಲದಲ್ಲಿ ನಳ್ಳಿ, ತೇವದ ಕಡೆ ಬಸವನಹುಳು, ಅಗೆದ ಮಣ್ಣಿನಲ್ಲಿ ಎರೆಹುಳು, ದನದ ಮೈಯಲ್ಲಿ ಉಣ್ಣೆ, ಇವು ಈ ಸೀಮೆಯ ಒಕ್ಕಲಿಗನಿಗೆ ನಿತ್ಯಪರಿಚಿತವಾದ ಜೀವಿಗಳು. ಶಾಸ್ತ್ರದ ಮಾತು ಈ ಗದ್ದೆಯಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬುದೇ ಮುಂದಿನ ಪರೀಕ್ಷೆ.

೨

ಮೊದಲು ಸಂಸ್ಕೃತವಾಙ್ಮಯವನ್ನು ನೋಡಬಹುದು. ಅಥರ್ವವೇದದಲ್ಲಿ ಕ್ರಿಮಿಗಳನ್ನು ಕುರಿತ ಸೂಕ್ತಗಳಿವೆ; ಅಲ್ಲಿ ಕಾಣುವ ಕ್ರಿಮಿ, ಕಾಣದ ಕ್ರಿಮಿ ಎಂಬ ಭೇದವನ್ನು ಹೇಳಿದೆ. ಇದನ್ನು ಹಿಡಿದುಕೊಂಡು ಆ ಕಾಲದಲ್ಲಿಯೇ ಸೂಕ್ಷ್ಮಜೀವಿಗಳ ಜ್ಞಾನವಿದ್ದಿತೆಂದು ಸಾಧಿಸಹೊರಡುವುದು ಸಾಹಸ. ಬಾಧೆಯು ಪ್ರತ್ಯಕ್ಷವಾಗಿದ್ದು ಬಾಧಕವು ಪ್ರತ್ಯಕ್ಷವಲ್ಲದಿದ್ದಾಗ ಅದನ್ನು ಊಹಿಸಿದರೆಂಬಷ್ಟೇ ಅದರಿಂದ ಸಿದ್ಧಿಸುವುದು. ಯಾಸ್ಕರು ನಿರುಕ್ತದಲ್ಲಿ ಕ್ರಿಮಿಶಬ್ದವನ್ನು ಮಾಂಸದಲ್ಲಿ ಕೊಬ್ಬುವುದೆಂದೂ, ಚಲನಾರ್ಥಕವಾದ ಧಾತುವಿನಿಂದ ಬಂದುದೆಂದೂ ನಿರ್ವಚಿಸಿರುತ್ತಾರೆ. ಮೊದಲನೆಯದು ಆಹಾರವನ್ನೂ ಎರಡನೆಯದು ಗತಿಯನ್ನೂ ಹಿಡಿದ ನಿರ್ವಚನ.

ಅಮರಕೋಶದಲ್ಲಿ ಎರೆಹುಳುವಿಗೆ ಮಹೀಲತಾ, ಗಂಡೂಪದ, ಕಿಂಚುಲಕ ಎಂಬ ಹೆಸರುಗಳಿವೆ. ಮಹೀಲತೆಯೆಂದರೆ ನೆಲದ ಬಳ್ಳಿ. ಗಂಡೂಪದವೆಂದರೆ ಗಂಟುಗಳೇ ಕಾಲಾಗಿ ಉಳ್ಳದ್ದು. ಈ ಎರಡನೆಯ ಹೆಸರು ಗಮನಾರ್ಹವಾದುದು. ಎರೆಹುಳುವಿನ ಮೈಯೆಲ್ಲ ಉಂಗುರಗಳ ಸಾಲು; ಉಂಗುರಗಳಲ್ಲಿರುವ ಅತಿಸೂಕ್ಷ್ಮವಾದ ಬಿರುಗೂದಲುಗಳನ್ನು ಮಣ್ಣಿಗೆ ಊರಿ, ಮೈಯನ್ನು ಹಿಗ್ಗಿಸಿ ಕುಗ್ಗಿಸಿ, ಅದು ಮುಂದೆ ಸಾಗುತ್ತದೆ. ಕೂದಲುಗಳನ್ನು ಕಾಣದಿದ್ದರೂ, ನಡಗೆಯು ಉಂಗುರಗಳಿಂದಲೇ ಆಗುವುದೆಂದು ಯಾರೋ ಒಬ್ಬನು ಕುಳಿತು ನೋಡಿದ್ದಾನೆ; ಆ ನೋಟವು ಹೆಸರಿನಲ್ಲಿ ಉಳಿದಿದೆ. ಹೀಗಿದ್ದರೂ ಕೋಶಕಾರನು ಇದನ್ನು ವಾರಿವರ್ಗದಲ್ಲಿ, ಜಲಚರಗಳ ನಡುವೆ ಇರಿಸಿದ್ದಾನೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕ್ರಿಮಿಗಳು ಇಪ್ಪತ್ತು ಬಗೆಯೆಂದು ಎಣಿಸಿದೆ. ಮೈಮೇಲಿನ ಮಲದಲ್ಲಿ ಹುಟ್ಟುವುವು, ರಕ್ತದಲ್ಲಿ ಹುಟ್ಟುವುವು, ಕಫದಲ್ಲಿ ಹುಟ್ಟುವುವು, ಪುರೀಷದಲ್ಲಿ ಹುಟ್ಟುವುವು ಎಂಬ ವಿಭಾಗವು ಅಲ್ಲಿಯದು. ವೈದ್ಯನಿಗೆ ಬೇಕಾದುದು ರೋಗದ ಸ್ಥಾನ. ಅದನ್ನೇ ಆಚಾರ್ಯರು ವಿಭಾಗಕ್ಕೆ ಆಧಾರವಾಗಿ ಹಿಡಿದರು. ಹುಳುವಿನ ಸ್ವರೂಪವೇನೆಂಬುದು ಅಲ್ಲಿ ಮುಖ್ಯಪ್ರಶ್ನೆಯಲ್ಲ.

ಇವೆಲ್ಲಕ್ಕೂ ಮಿಗಿಲಾದುದು ಸುಶ್ರುತಸಂಹಿತೆಯ ಸೂತ್ರಸ್ಥಾನದ ಜಲೌಕಾವಚಾರಣೀಯವೆಂಬ ಹದಿಮೂರನೆಯ ಅಧ್ಯಾಯ. ಅಲ್ಲಿ ಜಿಗಣೆಗಳು ಹನ್ನೆರಡು. ಆರು ಸವಿಷ, ಆರು ನಿರ್ವಿಷ. ಕೃಷ್ಣಾ, ಕರ್ಬುರಾ, ಅಲಗರ್ದಾ, ಇಂದ್ರಾಯುಧಾ, ಸಾಮುದ್ರಿಕಾ, ಗೋಚಂದನಾ ಎಂಬುವು ಮೊದಲ ಗುಂಪು. ಕಪಿಲಾ, ಪಿಂಗಲಾ, ಶಂಕುಮುಖೀ, ಮೂಷಿಕಾ, ಪುಂಡರೀಕಮುಖೀ, ಸಾವರಿಕಾ ಎಂಬುವು ಎರಡನೆಯದು. ಬಣ್ಣ, ಬೆನ್ನಿನ ರೇಖೆ, ಬಾಯಿಯ ಆಕಾರ, ಉದ್ದ, ಇವುಗಳಿಂದ ಒಂದೊಂದಕ್ಕೂ ಲಕ್ಷಣವನ್ನು ಹೇಳಿದೆ. ಕೊಳೆತ ನೀರಿನಲ್ಲಿ ಹುಟ್ಟಿದುವನ್ನು ಬಿಡಬೇಕು, ತಾವರೆಗಳಿರುವ ತಿಳಿನೀರಿನವನ್ನು ಕೊಳ್ಳಬೇಕು. ಹಸಿಯ ತೊಗಲಿನಿಂದ ಹಿಡಿಯಬೇಕು. ಕೊಳದ ನೀರನ್ನೂ ಕೆಸರನ್ನೂ ತುಂಬಿದ ಹೊಸ ಮಡಕೆಯಲ್ಲಿ ಇಡಬೇಕು. ನೀರನ್ನು ಆಗಾಗ್ಗೆ ಬದಲಿಸಿ, ಏಳು ದಿನಕ್ಕೊಮ್ಮೆ ಮಡಕೆಯನ್ನೇ ಬದಲಿಸಬೇಕು. ಇದು ಕೇಳಿ ಬರೆದ ಮಾತಲ್ಲ; ಜಿಗಣೆಯನ್ನು ಸಾಕಿ, ಸತ್ತುದನ್ನು ಕಂಡು, ಮತ್ತೆ ಸಾಕಿದವನ ಮಾತು. ದೊಡ್ಡವೂ ಬಲಿಷ್ಠವೂ ಆದ ಜಿಗಣೆಗಳು ದೊರೆಯುವ ನಾಡುಗಳಲ್ಲಿ ಸಹ್ಯವನ್ನು ಹೆಸರಿಸಿರುವುದನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಕಿರಂಗೂರಿನ ಗದ್ದೆಗೆ ನೀರನ್ನು ಕೊಡುವ ಕಾವೇರಿಯು ಹುಟ್ಟುವುದು ಆ ಸಹ್ಯದಲ್ಲಿಯೇ.

ಈ ಅಧ್ಯಾಯದ ಬೆಲೆಯನ್ನು ಆಧುನಿಕವೈದ್ಯವು ಬೇರೊಂದು ದಾರಿಯಿಂದ ಎತ್ತಿಹಿಡಿದಿದೆ. ಜಿಗಣೆಯ ಬಾಯಿಯ ರಸದಲ್ಲಿ ರಕ್ತವು ಹೆಪ್ಪುಗಟ್ಟುವುದನ್ನು ತಡೆಯುವ ದ್ರವ್ಯವುಂಟೆಂದು ಹೇಕ್ರಾಫ್ಟನು ೧೮೮೪ರಲ್ಲಿ ತೋರಿಸಿದನು. ಅದಕ್ಕೆ ಹಿರುಡಿನ್ ಎಂಬ ಹೆಸರು ಬಂದಿತು. ಕಡಿದುಹೋದ ಅಂಗವನ್ನು ಮತ್ತೆ ಕೂಡಿಸಿದ ಬಳಿಕ ಅಲ್ಲಿ ನಿಂತ ರಕ್ತವನ್ನು ತೆಗೆಯುವುದಕ್ಕಾಗಿ ಜಿಗಣೆಯನ್ನು ಮಾರುವುದಕ್ಕೆ ಅಮೆರಿಕದ ಔಷಧಾಧಿಕಾರಿಗಳು ೨೦೦೪ರಲ್ಲಿ ಅನುಮತಿಯನ್ನು ಕೊಟ್ಟರು.

ಇಷ್ಟು ಗುಣವನ್ನು ಒಪ್ಪಿಕೊಂಡ ಮೇಲೆ ದೋಷವನ್ನು ಮುಚ್ಚುವುದು ವಿಮರ್ಶಕನಿಗೆ ತಕ್ಕುದಲ್ಲ. ಸುಶ್ರುತನ ಹನ್ನೆರಡು ಸಂಖ್ಯೆಯು ಅವನ ತರುವಾಯವೂ ಹನ್ನೆರಡಾಗಿಯೇ ಉಳಿಯಿತು. ಚರಕನ ಇಪ್ಪತ್ತು ಇಪ್ಪತ್ತಾಗಿಯೇ ಉಳಿಯಿತು. ವ್ಯಾಖ್ಯಾನಕಾರರು ಪದಗಳ ಅರ್ಥವನ್ನು ಬಿಡಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಕೊಳದ ದಡಕ್ಕೆ ಹೋಗಿ ಹದಿಮೂರನೆಯ ಜಿಗಣೆಯನ್ನು ಹುಡುಕುವುದರಲ್ಲಿ ತೋರಲಿಲ್ಲ. ಮೂಲಗ್ರಂಥಕಾರನು ಜಿಗಣೆಯನ್ನು ನೋಡಿದನು. ಅನಂತರದವರು ಮೂಲಗ್ರಂಥವನ್ನು ನೋಡಿದರು. ಜ್ಞಾನಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ವಿಪತ್ತಿಲ್ಲ. ಈ ವಿಪತ್ತು ಪ್ರಾಚೀನರೊಡನೆ ಮುಗಿದುಹೋಗಲಿಲ್ಲವೆಂಬುದು ಮುಂದೆ ವ್ಯಕ್ತವಾಗುವುದು.

೩

ವೈದ್ಯರ ವಿಭಾಗವು ಉಪಯೋಗವನ್ನೂ ಅಪಾಯವನ್ನೂ ಹಿಡಿದುದಾದರೆ, ಜೈನಾಚಾರ್ಯರ ವಿಭಾಗವು ಜೀವಿಯ ಅರಿವನ್ನೇ ಹಿಡಿದುದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಕೃಮಿ, ಇರುವೆ, ದುಂಬಿ, ಮನುಷ್ಯ ಎಂಬ ಮಾದರಿಗಳನ್ನು ಕ್ರಮವಾಗಿ ಇರಿಸಿ, ಒಂದೊಂದಕ್ಕೂ ಒಂದೊಂದು ಇಂದ್ರಿಯವು ಹೆಚ್ಚುತ್ತ ಹೋಗುವುದೆಂದು ಹೇಳಿದೆ. ಗಿಡಮರಗಳಿಗೆ ಸ್ಪರ್ಶವೊಂದೇ, ಕೃಮಿಗೆ ಸ್ಪರ್ಶ ಮತ್ತು ರಸ, ಇರುವೆಗೆ ಅವುಗಳೊಡನೆ ಘ್ರಾಣ, ದುಂಬಿಗೆ ಕಣ್ಣೂ ಉಂಟು, ಮನುಷ್ಯನಿಗೆ ಕಿವಿಯೂ ಉಂಟು. ಶಂಖ ಶುಕ್ತಿಗಳನ್ನೂ ಕೃಮಿಗಳೊಡನೆ ದ್ವೀಂದ್ರಿಯಗಳಲ್ಲಿ ಎಣಿಸುವುದುಂಟು. ನಾಗಮಂಗಲದ ಸೀಮೆಯ ಕಂಬದಹಳ್ಳಿಯ ಬಸದಿಗಳನ್ನು ಕಟ್ಟಿದ ಕಾಲದಲ್ಲಿ ಈ ವಿಚಾರವು ಕಿರಂಗೂರಿನ ಸುತ್ತಿನ ನಾಡಿಗೆ ದೂರದ್ದಾಗಿರಲಿಲ್ಲ. ಹುಳುವಿಗೆ ಏನು ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಪ್ರಾಚೀನರಲ್ಲಿ ಜೈನರಿಗೆ ಅಗ್ರಸ್ಥಾನವು ಸಲ್ಲಬೇಕು.

ಇದೇ ಪ್ರಶ್ನೆಯನ್ನು ಆಂಗ್ಲದೇಶದ ಡಾರ್ವಿನ್ನನು ತನ್ನ ಮುಪ್ಪಿನಲ್ಲಿ ಎತ್ತಿಕೊಂಡನು. ಎರೆಹುಳುಗಳನ್ನು ಕುರಿತ ಅವನ ಗ್ರಂಥವು ೧೮೮೧ರಲ್ಲಿ, ಅವನು ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ, ಪ್ರಕಟವಾಯಿತು. ಕುಂಡಗಳಲ್ಲಿ ಹುಳುಗಳನ್ನು ಸಾಕಿ, ಅವುಗಳ ಎದುರಿನಲ್ಲಿ ಸಿಳ್ಳು ಹಾಕಿಸಿ, ವಾದ್ಯಗಳನ್ನು ನುಡಿಸಿ ನೋಡಿದನು; ಅವು ಲಕ್ಷ್ಯಮಾಡಲಿಲ್ಲ. ಕುಂಡವನ್ನು ಪಿಯಾನೋ ವಾದ್ಯದ ಮೇಲೆಯೇ ಇಟ್ಟು ಸ್ವರವನ್ನು ಮೀಟಿದಾಗ ಥಟ್ಟನೆ ಬಿಲದೊಳಕ್ಕೆ ಸರಿದುವು. ಶಬ್ದವನ್ನು ಕೇಳಲಾರವು, ಅದರುವಿಕೆಯನ್ನು ಅರಿಯಬಲ್ಲವು ಎಂದು ಇದರಿಂದ ಸಿದ್ಧವಾಯಿತು. ಸ್ಪರ್ಶವು ತೀಕ್ಷ್ಣ, ರುಚಿಯುಂಟು, ವಾಸನೆಯು ಮಂದ, ಕಣ್ಣಿಲ್ಲದಿದ್ದರೂ ಬೆಳಕು ಕತ್ತಲೆಗಳ ಭೇದವು ತಿಳಿಯುತ್ತದೆ. ಸ್ಪರ್ಶ ಮತ್ತು ರಸ ಎಂಬ ಸೂತ್ರಕಾರರ ಎಣಿಕೆಯು ಮುಖ್ಯಾಂಶದಲ್ಲಿ ನಿಂತಿತು. ಘ್ರಾಣವನ್ನೂ ಬೆಳಕಿನ ಅರಿವನ್ನೂ ನಿರಾಕರಿಸಿದ ಅಂಶವು ನಿಲ್ಲಲಿಲ್ಲ. ಇಬ್ಬರಿಗೂ ಇರುವ ಭೇದವು ಬುದ್ಧಿಯದಲ್ಲ. ಒಬ್ಬರಿಗೆ ಅಹಿಂಸಾಧರ್ಮದ ನಿರ್ಣಯಕ್ಕೆ ಎಣಿಕೆಯು ಸಾಕಾಗಿದ್ದಿತು. ಮತ್ತೊಬ್ಬನು ಎಣಿಕೆಯನ್ನೇ ಸಂಶಯಿಸಿ ಕುಂಡವನ್ನು ತಂದಿಟ್ಟನು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಎರೆಹುಳು ಜಿಗಣೆಗಳ ವರ್ಗವೂ ಶಂಖ ಚಿಪ್ಪುಗಳ ವರ್ಗವೂ ಒಂದೇ ದೊಡ್ಡ ಕವಲಿಗೆ ಸೇರಿದುವೆಂದು ೧೯೯೫ರಲ್ಲಿಯೂ, ದುಂಡನೆಯ ಸೂಕ್ಷ್ಮಹುಳುಗಳು ಪೊರೆ ಕಳಚುವ ಕೀಟಗಳ ಕವಲಿಗೆ ಹತ್ತಿರವೆಂದು ೧೯೯೭ರಲ್ಲಿಯೂ, ಜೀವಕಣದ ಬೀಜದ್ರವ್ಯವನ್ನು ಹೋಲಿಸಿ ನೋಡಿದ ವಿದ್ವಾಂಸರು ಪ್ರತಿಪಾದಿಸಿದರು. ಕೃಮಿಯನ್ನೂ ಶಂಖವನ್ನೂ ಒಂದೆಡೆ ಇರಿಸಿದ ಜೈನರಿಗೆ ಇದು ಮೊದಲೇ ತಿಳಿದಿದ್ದಿತೆಂದು ಉತ್ಸಾಹಿಗಳು ಹೇಳಬಹುದು. ಅದು ಕಾಕತಾಲೀಯನ್ಯಾಯ. ಫಲವು ಒಂದೆಂಬ ಮಾತ್ರಕ್ಕೆ ಹೇತುವೂ ಒಂದೆಂದು ಸಾಧಿಸುವುದು ನ್ಯಾಯಶಾಸ್ತ್ರಕ್ಕೆ ವಿರುದ್ಧವಾದುದು. ಪ್ರಾಚೀನರಿಗೆ ಸಲ್ಲದ ಕೀರ್ತಿಯನ್ನು ಹೊರಿಸಿದರೆ, ಸಲ್ಲಬೇಕಾದ ಕೀರ್ತಿಯ ಮೇಲೂ ಸಂಶಯವು ಬರುತ್ತದೆ.

೪

ಇನ್ನು ಆಧುನಿಕಸಂಶೋಧನೆಯ ಮಾತು. ಸ್ವೀಡನ್ ದೇಶದ ಲಿನ್ನೇಯಸನು ೧೭೫೮ರಲ್ಲಿ, ಬೆನ್ನೆಲುಬುಳ್ಳ ಪ್ರಾಣಿಗಳನ್ನೂ ಕೀಟಗಳನ್ನೂ ಬಿಟ್ಟು ಉಳಿದವುಗಳನ್ನೆಲ್ಲ ವರ್ಮೀಸ್, ಎಂದರೆ ಹುಳುಗಳು, ಎಂಬ ಒಂದೇ ವರ್ಗಕ್ಕೆ ಸೇರಿಸಿದನು. ಕನ್ನಡದ ಹುಳುಶಬ್ದಕ್ಕಿರುವ ಅತಿವ್ಯಾಪ್ತಿಯೇ ಆ ಮಹಾಪಂಡಿತನಿಗೂ ಇದ್ದಿತು. ಆದುದರಿಂದ ಒಕ್ಕಲಿಗನ ಮಾತನ್ನು ಹಳಿಯಬೇಕಾದುದಿಲ್ಲ. ಫ್ರಾನ್ಸಿನ ಲಾಮಾರ್ಕನು ೧೮೦೧ರಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳೆಂಬ ಹೆಸರಿನಿಂದ ಗ್ರಂಥವನ್ನು ಬರೆದು ಆ ರಾಶಿಯನ್ನು ವಿಂಗಡಿಸಿದನು. ಕನ್ನಡದ ‘ಅಕಶೇರುಕ’ವು ಆ ಹೆಸರಿನ ಭಾಷಾಂತರವೇ. ಇದು ಅಭಾವಮುಖವಾದ ಲಕ್ಷಣ. ಪ್ರಾಣಿಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕುವನ್ನು ‘ಇಲ್ಲ’ವೆಂಬ ಒಂದು ಮಾತಿನಿಂದ ಗುರುತಿಸುವುದು, ಗೋವಲ್ಲದುದು ಎಂದು ಹೇಳಿ ಕುದುರೆ, ಕಲ್ಲು, ಮೋಡಗಳನ್ನು ತಿಳಿಸಿದೆನೆಂದು ಭಾವಿಸಿದಂತೆ. ಗ್ರಂಥದ ವಿಭಾಗಕ್ಕೆ ಅದು ಸಾಕು. ಜೀವಿಯ ಪರಿಚಯಕ್ಕೆ ಸಾಲದು.

ಭಾರತದ ಪ್ರಾಣಿಸರ್ವೇಕ್ಷಣ ಸಂಸ್ಥೆಯು ೧೯೧೬ರಲ್ಲಿ ಸ್ಥಾಪಿತವಾಯಿತು. ಬ್ರಿಟಿಷ್ ಇಂಡಿಯದ ಪ್ರಾಣಿಸಂಕುಲವನ್ನು ಕುರಿತ ಗ್ರಂಥಮಾಲೆಯಲ್ಲಿ ಸ್ಟೀಫನ್‌ಸನ್ನನ ಎರೆಹುಳುಗಳ ಸಂಪುಟವು ೧೯೨೩ರಲ್ಲಿಯೂ, ಹಾರ್ಡಿಂಗ್ ಮತ್ತು ಮೂರ್ ಎಂಬುವರ ಜಿಗಣೆಗಳ ಸಂಪುಟವು ೧೯೨೭ರಲ್ಲಿಯೂ ಹೊರಬಂದುವು. ಸುಶ್ರುತನ ಹದಿಮೂರನೆಯ ಜಿಗಣೆಯನ್ನು ಹುಡುಕುವ ಕೆಲಸವು ಆಗ ಆಯಿತು. ಜಾತಿಜಾತಿಯನ್ನು ಬೇರ್ಪಡಿಸಿ, ಉಂಗುರಗಳನ್ನು ಎಣಿಸಿ, ಒಳಗಿನ ಅಂಗಗಳನ್ನು ಬಿಡಿಸಿ ನೋಡಿ, ದೊರೆತ ಸ್ಥಳವನ್ನು ನಮೂದಿಸಿದ ಈ ಗ್ರಂಥಗಳ ಶ್ರಮವು ಶ್ಲಾಘ್ಯವಾದುದು. ಭಾರತದಲ್ಲಿ ಈಗ ಗುರುತಿಸಿರುವ ಎರೆಹುಳುಗಳು ನಾನೂರಕ್ಕೂ ಮಿಕ್ಕಿವೆ. ಹ್ಯಾಂಬರ್ಗಿನ ಮೈಕೆಲ್ಸನ್ನನು ೧೯೦೦ರಲ್ಲಿ ದಕ್ಷಿಣದ ಒಂದು ಕುಲಕ್ಕೆ ‘ಡ್ರಾವಿಡ’ ಎಂದೇ ಹೆಸರಿಟ್ಟನು. ದ್ರವಿಡದೇಶದ ಹೆಸರು ಹುಳುವಿನ ಮೂಲಕ ಲ್ಯಾಟಿನ್ ನಾಮಾವಳಿಯನ್ನು ಸೇರಿತು. ಆ ಹುಳುವಿನ ವೃತ್ತಾಂತವು ಮಾತ್ರ ದ್ರವಿಡಭಾಷೆಗಳಿಗೆ ಹಿಂದಿರುಗಿ ಬಂದುದು ಅತ್ಯಲ್ಪ.

ಈ ಗ್ರಂಥಗಳ ಕೊರತೆಯು ಅವುಗಳ ಗುಣದೊಡನೆಯೇ ಹುಟ್ಟಿದುದು. ಅವುಗಳಲ್ಲಿ ವರ್ಣಿತವಾದುದು ಬಹುಮಟ್ಟಿಗೆ ಮದ್ಯಸಾರದ ಸೀಸೆಯಲ್ಲಿದ್ದ ಹುಳು. ಅದರ ಜಾತಿಯನ್ನು ನಿರ್ಣಯಿಸುವುದಕ್ಕೆ ಅಷ್ಟು ಸಾಕು. ಅದು ಯಾವ ಮಳೆಗೆ ಮೇಲೆ ಬರುತ್ತದೆ, ಯಾವ ಬೆಳೆಯ ನೆಲದಲ್ಲಿ ಉಳಿಯುತ್ತದೆ, ನೀರು ನಿಂತಾಗ ಎಲ್ಲಿಗೆ ಹೋಗುತ್ತದೆ ಎಂಬ ಸಂಗತಿಗಳು ಅಲ್ಲಿ ವಿರಳ. ಅವನ್ನು ಅರಿತವನು ಗದ್ದೆಯಲ್ಲಿದ್ದನು. ಅವನ ಮಾತನ್ನು ಬರೆದುಕೊಳ್ಳುವುದು ಆ ಗ್ರಂಥಗಳ ಉದ್ದೇಶವಾಗಿರಲಿಲ್ಲ.

೫

ಕನ್ನಡದಲ್ಲಿ ಈ ಶಾಸ್ತ್ರವನ್ನು ತರುವ ಪ್ರಯತ್ನವು ಇಂದು ನೆನ್ನೆಯದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ವೆಂಕಟನಾರಣಪ್ಪನವರ ‘ಜೀವವಿಜ್ಞಾನ’ವು ೧೯೩೯ರಲ್ಲಿ ಬಂದಿತು. ಶಿವರಾಮ ಕಾರಂತರು ಬಾಲಪ್ರಪಂಚವನ್ನೂ, ಬಳಿಕ ನಾಲ್ಕು ಸಂಪುಟಗಳ ವಿಜ್ಞಾನಪ್ರಪಂಚವನ್ನೂ ಒಬ್ಬರೇ ಹೊತ್ತು ನಡೆಸಿದರು. ಇವರು ದಾರಿಯಿಲ್ಲದ ಕಡೆಯಲ್ಲಿ ದಾರಿಯನ್ನು ಮಾಡಿದವರು. ಅನಂತರ ಬಂದ ಪಾಠಪುಸ್ತಕಗಳು ಆ ದಾರಿಯನ್ನು ಮುಂದುವರಿಸಿದುವೆ ಎಂಬುದೇ ಪ್ರಶ್ನೆ.

ಲಖನೌವಿನ ಬಾಹ್ಲ್ ಅವರು ೧೯೨೬ರಲ್ಲಿ ಫೆರೆಟಿಮ ಎಂಬ ಎರೆಹುಳುವನ್ನು ಕುರಿತು ಬರೆದ ಪ್ರಬಂಧವು ಒಂದು ಹುಳುವನ್ನು ತಲೆಯಿಂದ ಬಾಲದವರೆಗೆ ಪರೀಕ್ಷಿಸಿ ಬರೆದ ಉತ್ತಮಕೃತಿ. ಉತ್ತರದ ಬಯಲುಸೀಮೆಯ ಆ ಹುಳುವು ಕಾಲೇಜುಗಳ ಪಾಠಗಳಲ್ಲಿ ಬಹುಕಾಲ ಎರೆಹುಳುವಿನ ಮಾದರಿಯಾಗಿ ನಿಂತಿತು. ಮಾದರಿಯೆಂದು ಕೊಟ್ಟುದನ್ನು ಸರ್ವಸಾಮಾನ್ಯವೆಂದು ತಿಳಿದುದೇ ಪ್ರಮಾದ. ಕಾವೇರೀತೀರದ ವಿದ್ಯಾರ್ಥಿಯು ತನ್ನ ಊರಿನ ಮಣ್ಣಿನಲ್ಲಿರುವ ಲ್ಯಾಂಪಿಟೊ, ಡ್ರಾವಿಡ ಮೊದಲಾದುವುಗಳ ಹೆಸರನ್ನು ಕೇಳದೆಯೇ ಫೆರೆಟಿಮದ ಉಂಗುರಗಳನ್ನು ಬಾಯಿಪಾಠ ಮಾಡಿದನು. ಹನ್ನೆರಡು ಜಿಗಣೆಗಳನ್ನು ಬಾಯಿಪಾಠ ಮಾಡಿದ ಹಿಂದಿನ ವಿದ್ಯಾರ್ಥಿಗೂ ಇವನಿಗೂ ಭೇದವೇನು? ಮೂಲವು ಸಂಸ್ಕೃತದಲ್ಲಿದ್ದಿತು, ಈಗ ಇಂಗ್ಲಿಷಿನಲ್ಲಿದೆ. ಕೊಳಕ್ಕೆ ಹೋಗದಿರುವ ಅಭ್ಯಾಸವು ಹಾಗೆಯೇ ಇದೆ.

ಇದಕ್ಕೆ ಅಪವಾದವೂ ಉಂಟು, ಅದು ಕನ್ನಡನಾಡಿನಲ್ಲಿಯೇ ಉಂಟು. ಬೆಂಗಳೂರಿನ ಕೃಷಿವಿಶ್ವವಿದ್ಯಾನಿಲಯದಲ್ಲಿ ರಾಧಾ ಕಾಳೆಯವರೂ ಅವರ ಸಹೋದ್ಯೋಗಿಗಳೂ ಎರೆಹುಳುಗಳಿಂದ ಕಸವನ್ನು ಗೊಬ್ಬರವಾಗಿಸುವ ವಿಧಾನವನ್ನು ಪರೀಕ್ಷಿಸಿದರು; ಪೆರಿಯೋನಿಕ್ಸ್ ಎಂಬ ಇಲ್ಲಿಯ ಹುಳುವನ್ನು ಕುರಿತ ಅವರ ಲೇಖನವು ೧೯೮೨ರಲ್ಲಿ ಪ್ರಕಟವಾಯಿತು. ಆ ಕೆಲಸವು ಹಳ್ಳಿಗಳನ್ನು ಮುಟ್ಟಿತು. ಮುಟ್ಟಿದೊಡನೆ ‘ಎರೆಗೊಬ್ಬರ’ವೆಂಬ ಸೊಗಸಾದ ಮಾತು ಹುಟ್ಟಿತು. ಎರೆಯೆಂದರೆ ಹಕ್ಕಿಮೀನುಗಳಿಗೆ ಆಹಾರವಾದುದು; ತೆಲುಗಿನ ‘ಎರ’ವೂ ಗಾಳಕ್ಕೆ ಸಿಕ್ಕಿಸುವ ಆಹಾರವೇ. ಎರೆಯೆಂದರೆ ಕಪ್ಪುಮಣ್ಣೂ ಹೌದು. ಮೀನು ಹಿಡಿಯುವವನ ಅರ್ಥವನ್ನು ಹಿಡಿದರೂ ಸರಿ, ಉಳುವವನ ಅರ್ಥವನ್ನು ಹಿಡಿದರೂ ಸರಿ, ಮಾತು ನೆಲದಿಂದ ಎದ್ದುದು. ಪಂಡಿತರು ‘ಗಂಡೂಪದಜನ್ಯಸಾರ’ವೆಂದು ಕಟ್ಟಿಕೊಟ್ಟಿದ್ದರೆ ಗೊಬ್ಬರವು ಗೋದಾಮಿನಲ್ಲಿಯೇ ಉಳಿಯುತ್ತಿದ್ದಿತು.

ಹೀಗಿದ್ದರೂ ಎರೆಹುಳುವೆಂಬ ಒಂದೇ ಹೆಸರಿನಿಂದ ಇಲ್ಲಿಯೂ ಒಂದು ಭ್ರಾಂತಿಯು ಉಳಿದಿದೆ. ಗೊಬ್ಬರದ ತೊಟ್ಟಿಗಳಲ್ಲಿ ಹೆಚ್ಚಾಗಿ ಸಾಕುವ ಯೂಡ್ರಿಲಸ್ ಎಂಬುದು ಆಫ್ರಿಕದಿಂದ ಬಂದುದು. ಅದು ಕೊಳೆತ ಎಲೆ ಸಗಣಿಗಳ ರಾಶಿಯಲ್ಲಿ ಬಾಳುವುದು. ಹೊಲದ ಮಣ್ಣನ್ನು ತಿಂದು, ಬಿಲ ತೋಡಿ, ನೆಲವನ್ನು ಸಡಿಲಿಸುವ ಹುಳುವು ಬೇರೆ. ಆಂಗ್ಲದೇಶದ ಎಷ್ಟೋ ಕಡೆಗಳಲ್ಲಿ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕು ಒಣಮಣ್ಣು ಹುಳುಗಳ ಮೈಯೊಳಗಿಂದ ಹಾಯ್ದು ಬರುವುದೆಂದು ಡಾರ್ವಿನ್ನನು ಲೆಕ್ಕಹಾಕಿದುದು ಈ ಎರಡನೆಯ ಬಗೆಯ ಕೆಲಸವನ್ನು ಕುರಿತು. ತೊಟ್ಟಿಯ ಹುಳುವನ್ನು ತಂದು ಹೊಲದಲ್ಲಿ ಬಿಟ್ಟು ಉಳುವ ಕೆಲಸವನ್ನು ಅದು ಮಾಡಲಿಲ್ಲವೆಂದು ರೈತನು ಬೇಸರಪಟ್ಟರೆ, ತಪ್ಪು ಹುಳುವಿನದೂ ಅಲ್ಲ, ರೈತನದೂ ಅಲ್ಲ. ಎರಡಕ್ಕೂ ಒಂದೇ ಹೆಸರನ್ನು ಕೊಟ್ಟು ಸುಮ್ಮನಾದ ಗ್ರಂಥದ್ದು.

೬

ಹೆಸರಿನ ದೋಷವು ಬೆಳೆಗೇ ಕುತ್ತಾಗಬಲ್ಲುದೆಂಬುದಕ್ಕೆ ಮಂಡ್ಯದ ಸೀಮೆಯಲ್ಲಿಯೇ ನಿದರ್ಶನವುಂಟು. ೨೦೦೧ರಲ್ಲಿ ಮಂಡ್ಯ ಜಿಲ್ಲೆಯ ಬತ್ತದ ಗದ್ದೆಗಳಲ್ಲಿ ಮೆಲಾಯ್ಡೊಗೈನೆ ಗ್ರಾಮಿನಿಕೋಲ ಎಂಬ ಸೂಕ್ಷ್ಮಹುಳುವಿನ ಬಾಧೆಯು ತೀವ್ರವಾಗಿ ಕಾಣಿಸಿಕೊಂಡಿತು. ಈ ಜಾತಿಯನ್ನು ಅಮೆರಿಕದ ಲೂಯಿಸಿಯಾನದಲ್ಲಿ ಒಂದು ಹುಲ್ಲಿನ ಬೇರಿನಿಂದ ಗುರುತಿಸಿ ೧೯೬೫ರಲ್ಲಿ ವರ್ಣಿಸಿದ್ದರು. ಮರಿಯ ಉದ್ದವು ಸುಮಾರು ಅರ್ಧ ಮಿಲಿಮೀಟರು, ಬರಿಗಣ್ಣಿಗೆ ಕಾಣುವಂತಹುದಲ್ಲ. ಅದು ಎಳೆಯ ಬೇರಿನ ತುದಿಯನ್ನು ಹೊಕ್ಕರೆ ಬೇರು ಕೊಕ್ಕೆಯಂತೆ ಬಾಗಿ ಗಂಟುಕಟ್ಟುತ್ತದೆ. ಪೈರು ಹಳದಿಯಾಗಿ ಕುಳ್ಳಾಗುತ್ತದೆ. ಗದ್ದೆಯಲ್ಲಿ ನೀರು ನಿಂತಿದ್ದರೆ ಮರಿಯು ಬೇರನ್ನು ಹೊಗುವುದು ಕಷ್ಟ. ನಾಲೆಯಲ್ಲಿ ನೀರು ಕಡಮೆಯಾಗಿ ನೆಲವು ಆರಿದಾಗ ಅದಕ್ಕೆ ಅನುಕೂಲ. ಆದುದರಿಂದ ಕಾವೇರಿಯ ನೀರನ್ನು ನಂಬಿದ ಕಿರಂಗೂರಿನಂತಹ ಊರಿಗೆ ಇದು ದೂರದ ವಿಷಯವಲ್ಲ. ನೀರಿನ ಬರವು ಬಂದ ವರ್ಷದಲ್ಲಿ ಈ ಹುಳುವೂ ಬರುವುದೆಂದು ಶಂಕಿಸಬೇಕಾಗುತ್ತದೆ.

ಹಳದಿಯಾದ ಪೈರನ್ನು ಕಂಡ ರೈತನು ಗೊಬ್ಬರ ಸಾಲದೆಂದು ತಿಳಿಯುವುದು ಸಹಜ. ಒಟ್ಲುಪಾತಿಯ ಒಂದು ಸಸಿಯನ್ನು ಕಿತ್ತು, ಬೇರನ್ನು ತೊಳೆದು ನೋಡಿದರೆ ಗಂಟುಗಳು ಕಣ್ಣಿಗೆ ಬೀಳುತ್ತವೆ. ನೋಡಬೇಕೆಂಬ ಬುದ್ಧಿಯು ಹುಟ್ಟಬೇಕಾದರೆ ಹೆಸರಿನಲ್ಲಿ ಅದರ ಸೂಚನೆಯಿರಬೇಕು. ಕೃಷಿಪತ್ರಗಳಲ್ಲಿ ಇದಕ್ಕೆ ‘ಜಂತುಹುಳು’ ಎಂದು ಬರೆಯುವುದುಂಟು. ಜಂತುವೆಂದರೆ ಸಂಸ್ಕೃತದಲ್ಲಿ ಹುಟ್ಟಿದುದೆಲ್ಲವೂ. ಆನೆಯೂ ಜಂತು, ಮನುಷ್ಯನೂ ಜಂತು. ಕನ್ನಡದಲ್ಲಿಯಾದರೋ ಅದು ಮಕ್ಕಳ ಹೊಟ್ಟೆಯ ಹುಳುವಿಗೆ ರೂಢವಾಗಿದೆ. ಹೊಟ್ಟೆಯ ಹುಳುವೂ ಬೇರಿನ ಹುಳುವೂ ಒಂದೇ ವರ್ಗದವೆಂಬ ವಿದ್ವಾಂಸರ ಅಭಿಪ್ರಾಯವು ಸರಿಯೇ. ಆದರೆ ಜಂತುಹುಳುವೆಂದು ಕೇಳಿದ ರೈತನಿಗೆ ನೆನಪಾಗುವುದು ಮಗುವಿನ ಹೊಟ್ಟೆ, ಪೈರಿನ ಬೇರಲ್ಲ. ಯೌಗಿಕಾರ್ಥದಲ್ಲಿ ಅತಿವ್ಯಾಪ್ತಿ, ರೂಢ್ಯರ್ಥದಲ್ಲಿ ಭ್ರಾಂತಿ. ಎರಡು ಕಡೆಯೂ ಕೆಟ್ಟ ಹೆಸರಿದು. ರೋಗಕ್ಕೆ ‘ಬೇರುಗಂಟು’ ಎಂಬ ಹೆಸರು ಆಗಲೇ ಬಳಕೆಯಲ್ಲಿದೆ. ಹುಳುವನ್ನು ‘ಬೇರುಗಂಟಿನ ಹುಳು’ ಎಂದರೆ ಎಲ್ಲಿ ನೋಡಬೇಕು, ಏನನ್ನು ಕಾಣಬೇಕು ಎಂಬೆರಡನ್ನೂ ಹೆಸರೇ ಹೇಳುತ್ತದೆ.

ಒಳ್ಳೆಯ ಹೆಸರಿಗೆ ಉದಾಹರಣೆಯು ನಾರುಹುಣ್ಣು. ನಾರಿನಂತೆ ಉದ್ದವಾದ ಹುಳುವು ಕಾಲಿನ ಹುಣ್ಣಿನಿಂದ ಹೊರಬರುವುದನ್ನು ಕಂಡು ಕನ್ನಡಿಗರು ಇಟ್ಟ ಹೆಸರಿದು. ಸಂಸ್ಕೃತವೈದ್ಯಗ್ರಂಥಗಳ ‘ಸ್ನಾಯುಕ’ವೂ ಅದೇ ಭಾವದ್ದು. ಹೆಸರು ರೂಪವನ್ನು ಹೇಳಿತು. ಜೀವನಕ್ರಮವನ್ನು ರಷ್ಯದ ಫೆಡ್ಚೆಂಕೋ ೧೮೭೦ರ ಸುಮಾರಿನಲ್ಲಿ ಕಂಡುಹಿಡಿದನು. ಮರಿಯು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯ ಒಡಲನ್ನು ಸೇರಿ, ಆ ನೀರನ್ನು ಕುಡಿದವನ ಮೈಯನ್ನು ಹೊಗುವುದೆಂದು ತಿಳಿದ ಮೇಲೆ, ನೀರನ್ನು ಬಟ್ಟೆಯಲ್ಲಿ ಸೋಸುವುದೂ, ಇಳಿದು ನೀರು ತುಂಬುವ ಬಾವಿಗಳನ್ನು ಮಾರ್ಪಡಿಸುವುದೂ ಸಾಕಾಯಿತು. ಕರ್ಣಾಟಕದ ಉತ್ತರಭಾಗದ ಜಿಲ್ಲೆಗಳನ್ನೂ ಕಾಡಿದ್ದ ಈ ರೋಗದ ಕೊನೆಯ ಪ್ರಕರಣವು ಭಾರತದಲ್ಲಿ ಕಂಡುದು ೧೯೯೬ರಲ್ಲಿ. ೨೦೦೦ದಲ್ಲಿ ದೇಶವು ಅದರಿಂದ ಮುಕ್ತವೆಂದು ಘೋಷಿತವಾಯಿತು. ದ್ವೀಂದ್ರಿಯಗಳಿಗೆ ಹಿಂಸೆಯಾಗದಿರಲೆಂದು ಜೈನರು ಪಾಲಿಸಿದ ಸೋಸುಬಟ್ಟೆಯ ಆಚಾರವೇ ಇಲ್ಲಿ ಮನುಷ್ಯನನ್ನು ಕಾಯುವ ಉಪಾಯವೂ ಆಯಿತು. ಉದ್ದೇಶವು ಬೇರೆ, ಫಲವು ಬೇರೆ. ಆದರೂ ಅಲ್ಪಜೀವಿಯನ್ನು ಲಕ್ಷಿಸುವುದು ವ್ಯರ್ಥವಲ್ಲವೆಂಬುದು ಎರಡರಿಂದಲೂ ಸಿದ್ಧಿಸುತ್ತದೆ.

೭

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಶೀಲಿಸಬೇಕು. ಹಳ್ಳಿಯ ಹೆಸರುಗಳು ಹತ್ತು ಹರದಾರಿಗೆ ಬದಲಾಗುತ್ತವೆ. ತುಳುನಾಡಿನ ನಕ್ಕುರು ಮಂಡ್ಯದವನಿಗೆ ತಿಳಿಯದು, ಮಲೆನಾಡಿನ ಇಂಬಳವು ಬಯಲುಸೀಮೆಯವನಿಗೆ ಅಪರಿಚಿತ. ಸಂಸ್ಕೃತಪರಿಭಾಷೆಯಾದರೋ ದೇಶಕ್ಕೆಲ್ಲ ಒಂದೇ. ಆದುದರಿಂದ ಶಾಸ್ತ್ರಕ್ಕೆ ಅದೇ ಯೋಗ್ಯ, ಎಂಬುದು ಪೂರ್ವಪಕ್ಷ. ಐಕರೂಪ್ಯವು ಬೇಕೆಂಬುದು ಒಪ್ಪತಕ್ಕುದೇ. ಆ ಕಾರ್ಯವನ್ನು ಲ್ಯಾಟಿನ್ ನಾಮಗಳು ಜಗತ್ತಿಗೆಲ್ಲ ಮಾಡುತ್ತಿವೆ; ಅವನ್ನು ಕನ್ನಡಲಿಪಿಯಲ್ಲಿ ಬರೆದರೆ ತೀರಿತು. ಅದರ ಮೇಲೆ ಸಂಸ್ಕೃತದಲ್ಲಿ ಮತ್ತೊಂದು ಹೆಸರನ್ನು ಕಟ್ಟಿದರೆ, ವಿದ್ವಾಂಸರಿಗೆ ಅದು ಬೇಕಿಲ್ಲ, ರೈತನಿಗೆ ಅದು ತಿಳಿಯುವುದಿಲ್ಲ. ಗಂಡೂಪದವೆಂಬ ಹೆಸರು ಹುಟ್ಟಿದ ದಿನ ಅದು ಕಂಡವನ ಮಾತಾಗಿದ್ದಿತು. ಆ ಸಂಸ್ಕೃತವನ್ನು ಗೌರವಿಸುವ ಬಗೆಯು ಅದರ ಶಬ್ದವನ್ನು ಎರವಲು ತರುವುದಲ್ಲ, ಅದು ಕಂಡಂತೆ ಕಾಣುವುದು. ನಕ್ಕುರು ಇಂಬಳಗಳ ಭೇದವೂ ದೋಷವಲ್ಲ. ಇಂಬಳವೆಂದರೆ ತೇವದ ಕಾಡಿನ ನೆಲದ ಜಿಗಣೆ, ನೀರಿನ ಜಿಗಣೆಯಲ್ಲ. ಆ ಭೇದವನ್ನು ಮಲೆನಾಡಿನವನು ಯಾವ ಗ್ರಂಥದ ಸಹಾಯವೂ ಇಲ್ಲದೆ ಮಾಡಿಟ್ಟಿದ್ದಾನೆ.

ಆದುದರಿಂದ ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಹೆಸರನ್ನು ಮೊದಲು ಗದ್ದೆಯಲ್ಲಿ ಕೇಳಬೇಕು. ಕೇಳಿದುದನ್ನು ಸ್ಥಳಸಹಿತವಾಗಿ ಬರೆದಿಡಬೇಕು. ಪ್ರಾಣಿಯನ್ನು ಬಲ್ಲವರಿಂದ ಅದರ ಲ್ಯಾಟಿನ್ ನಾಮವನ್ನು ನಿರ್ಣಯಿಸಿಕೊಂಡು ಪಕ್ಕದಲ್ಲಿ ಸೇರಿಸಬೇಕು. ಅದರ ಬಾಳನ್ನು ಕಂಡಷ್ಟನ್ನು ಮಾತ್ರ ವರ್ಣಿಸಬೇಕು. ಇದು ಒಬ್ಬರ ಕೆಲಸವಲ್ಲ. ಕೋಶಕಾರರು, ಕೃಷಿವಿದ್ಯಾಲಯದವರು, ಹಳ್ಳಿಯ ಶಾಲೆಯ ಉಪಾಧ್ಯಾಯರು ಕೂಡಿ ಮಾಡಬೇಕಾದುದು. ಗದ್ದೆಗಳು ನಿವೇಶನಗಳಾಗಿ, ಉಳುವವರು ಬೇರೆ ಉದ್ಯೋಗಗಳಿಗೆ ಹೋದಂತೆ, ಹುಳುಗಳೂ ಅವುಗಳ ಹೆಸರುಗಳೂ ಜತೆಯಾಗಿ ಮರೆಯಾಗುತ್ತವೆ. ಈ ಕಾರ್ಯಕ್ಕೆ ಇರುವ ಕಾಲವು ದೀರ್ಘವಲ್ಲ.

ಸುಶ್ರುತಸಂಹಿತೆಯ ಹದಿಮೂರನೆಯ ಅಧ್ಯಾಯವನ್ನು ಪಾಠ ಹೇಳುವ ಪಂಡಿತನು ಶಿಷ್ಯರೊಡನೆ ಕಿರಂಗೂರಿನ ಗದ್ದೆಯ ಬದುವಿನವರೆಗೆ ಒಮ್ಮೆ ನಡೆದುಹೋಗಿ, ಅಲ್ಲಿಯ ಜಿಗಣೆಯು ಹನ್ನೆರಡರಲ್ಲಿ ಯಾವುದೆಂದು ಒಕ್ಕಲಿಗನ ಎದುರಿನಲ್ಲಿ ಪರೀಕ್ಷಿಸಲಿ. ಯಾವುದೂ ಅಲ್ಲವೆಂದು ತೋರಿಬಂದರೆ ಹಾಗೆಂದೇ ಬರೆದಿಡಲಿ. ಮೂಲಗ್ರಂಥಕಾರನಿಗೆ ಅದರಿಂದ ಅಗೌರವವಾಗುವುದಿಲ್ಲ. ಅವನು ಮಾಡಿದುದೂ ಅದನ್ನೇ. ವಿದ್ವಾಂಸರು ಈ ವಿಷಯವನ್ನು ಪರ್ಯಾಲೋಚಿಸುವರೆಂದು ನಂಬಬಹುದಾಗಿದೆ.